ರಾಹಿಲನನ್ನು ಕೊಟ್ಟವನು

ಟ್ರಾಮು ತಿರುವಿನಲ್ಲಿ ಕಿರುಗುಟ್ಟಿದಾಗಲೆಲ್ಲ ಗಫೂರನಿಗೆ ತನ್ನ ಹಲ್ಲುಗಳ ಅರಿವಾಗುತ್ತಿತ್ತು. ಎದುರಿನ ಸೀಟಿನಲ್ಲಿ ಹೆಂಡತಿ ಶಮೀಮ್ ತೊಡೆಯ ಮೇಲೆ ಸ್ಟೀಲಿನ ಡಬ್ಬಿ ಇಟ್ಟುಕೊಂಡು, ಮುಚ್ಚಳ ಹಾರಿಹೋದೀತೇನೋ ಎಂಬಂತೆ ಎರಡೂ ಅಂಗೈ ಒತ್ತಿ ಕೂತಿದ್ದಳು. ಅದರಲ್ಲಿ ಖೀಮಾ ಸಮೋಸಗಳಿದ್ದವು. ಬೆಳಿಗ್ಗೆ ಐದಕ್ಕೇ ಎದ್ದು ಕರಿದಿದ್ದಳು. ನಾರ್‌ಶೋಪಿಂಗ್‌ನಿಂದ ಹೊರಟು ನಡುವೆ ರೈಲು ಬದಲಿಸಿ ಗೋಥೆನ್‌ಬರ್ಗ್ ತಲುಪುವವರೆಗೂ ಎಣ್ಣೆಯ ವಾಸನೆಗೆ ಯಾರಾದರೂ ಮೂಗು ಮುರಿದಾರೆಂದು ಗಫೂರ್ ಮೈಯೆಲ್ಲ ಕಣ್ಣಾಗಿದ್ದ. ಯಾರೂ ಮುರಿಯಲಿಲ್ಲ. ಈ ದೇಶದಲ್ಲಿ ಜನ ಮೂಗು ಮುರಿದರೂ ಗೊತ್ತಾಗುವುದಿಲ್ಲವಲ್ಲ ಎಂದು ಅದಕ್ಕೂ ಅವನಿಗೆ ಕಿರಿಕಿರಿಯಾಯಿತು. ಹದಿಮೂರರ ಮಗಳು ನಿಲೋಫರ್ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬಾಗಿಲ ಪಕ್ಕದ ಕಂಬಕ್ಕೆ ಒರಗಿದ್ದಳು, ತಾನು ಇವರಿಬ್ಬರ ಜೊತೆ ಬಂದವಳಲ್ಲ ಎನ್ನುವ ಹಾಗೆ. ಶಮೀಮಳ ತಮ್ಮ ರಾಹಿಲ್ ಹೋದ ವಾರ ಫೋನ್ ಮಾಡಿದ್ದ. "ಆಪಾ, ನನ್ನ ಭುಜ ಹೋಯ್ತು. ಡಾಕ್ಟರು ಸಾಕು ಅಂದ್ಬಿಟ್ಟಿದಾರೆ. ಭಾನುವಾರ ಕೊನೇ ಮ್ಯಾಚು. ಅಕ್ಟೋಬರಲ್ಲಿ ಕೆನಡಾಕ್ಕೆ ಹೋಗ್ತಿದೀನಿ, ಕಂಪನೀನೇ ಕಳಿಸ್ತಿದೆ. ನೀವೆಲ್ಲ ಬರ್ತೀರಾ?" ಎಂದೋ ಮಾತು ಬಿಟ್ಟ ನೆಂಟರನ್ನು ಕರೆಯುವಷ್ಟು ಹುಷಾರಾಗಿ ಕೇಳಿದ್ದ. ಗಫೂರ್ ಆಫೀಸಿನ ಕೆಲಸದ ನೆಪ ಹೇಳಿದ. ಶಮೀಮ್ ಪಾತ್ರೆ ತೊಳೆಯುತ್ತಲೇ, "ನಿಮ್ಮನ್ನ ಸ್ಪೆಷಲ್ಲಾಗಿ ಕರೀಬೇಕು ಅಂತ ಅವರ ಕೋಚ್ ಹೇಳಿದಾನಂತೆ ರೀ. ನೀವು ಬರದೇ ಇದ್ರೆ ಚೆನ್ನಾಗಿರಲ್ಲ," ಅಂದಳು. ಆ 'ಸ್ಪೆಷಲ್' ಅನ್ನುವ ಪದ ಒಂದು ವಾರದಿಂದ ಅವನಿಗೆ ಅರಗಿರಲಿಲ್ಲ.

ಅದು ಬೇಸ್‌ಬಾಲ್. ಊರಿನಲ್ಲಿ ಯಾರಿಗಾದರೂ ಹೇಳಿದರೆ, ಸ್ವೀಡನ್‌ನಲ್ಲಿ ಬೇಸ್‌ಬಾಲೇ ಎಂದು ನಗುತ್ತಿದ್ದರು. ಸ್ವೀಡನ್‌ನವರೂ ಹಾಗೇ ನಗುತ್ತಿದ್ದರು. ನಾರ್‌ಶೋಪಿಂಗ್‌ನ ಕ್ಲಬ್ಬಿಗೆ ಅವನನ್ನು ಎಳೆದುಕೊಂಡು ಹೋದವನು ಸಹೋದ್ಯೋಗಿ ಪ್ರಹ್ಲಾದ, ಬಸವನಗುಡಿಯವನು. ಆಡುವವರು ಕಡಿಮೆ, ಕ್ರಿಕೆಟ್ ಆಡಿ ಚೆಂಡು ಎಸೆದು ಗೊತ್ತಿರುವವರು ಯಾರಾದರೂ ನಡೆಯುತ್ತದೆ ಎಂದಿದ್ದ. ಅಮೆರಿಕದಲ್ಲಿ ಓದಿ ಬಂದ ಇಬ್ಬರು ಸ್ವೀಡಿಷರು, ಬಸ್ಸು ಓಡಿಸುವ ಒಬ್ಬ ಕ್ಯೂಬಾದವನು, ಇನ್ನು ಇವರಂಥ ಚಿಲ್ಲರೆ ಜನ. ಗಫೂರನಿಗೆ ಆಟ ಹತ್ತಲಿಲ್ಲ. ಅವನನ್ನು ಮೈದಾನದ ಬಲಮೂಲೆಯಲ್ಲಿ ನಿಲ್ಲಿಸುತ್ತಿದ್ದರು. ಅಲ್ಲಿಗೆ ಚೆಂಡು ಬರುವುದು ಅಪರೂಪ, ಬಂದರೆ ಅವನ ಕೈಗೆ ಸಿಗುವುದು ಇನ್ನೂ ಅಪರೂಪ. ಆದರೆ ಅವನಿಗೆ ಬೇರೆಯದೊಂದು ಸಿಕ್ಕಿತು. ಮೈದಾನಕ್ಕಾಗಿ ಊರಿನ ಪುರಸಭೆಗೆ, ಅಂದರೆ ಕೊಮ್ಯೂನ್‌ಗೆ ಪತ್ರ ಬರೆಯುವುದು, ಯಾರು ಬರುತ್ತಾರೆ ಯಾರು ಬರುವುದಿಲ್ಲ ಎಂದು ಪಟ್ಟಿ ಇಡುವುದು, ಕಾಫಿಯ ಥರ್ಮಾಸ್ ತುಂಬಿ ತರುವುದು. ಎರಡನೆಯ ವರ್ಷ ಅವನನ್ನೇ ತಂಡದ ಮ್ಯಾನೇಜರ್ ಮಾಡಿದರು. ಸಾಮಾನಿನ ಶೆಡ್ಡಿನ ಕೀಲಿ ಅವನ ಜೇಬಿಗೆ ಬಂತು. ಆಫೀಸಿನಲ್ಲಿ ಬೇರೆಯವರ ತಪ್ಪು ಹುಡುಕಿಕೊಡುವ ಕೆಲಸ ಅವನದು. ಮೀಟಿಂಗಿನಲ್ಲಿ ಬಾಯಿ ತೆರೆಯುವುದಕ್ಕೆ ಮುಂಚೆ ವಾಕ್ಯವನ್ನು ಮನಸ್ಸಿನಲ್ಲಿ ಮೂರು ಸಲ ಕಟ್ಟುವಷ್ಟರಲ್ಲಿ ವಿಷಯವೇ ಮುಂದಕ್ಕೆ ಹೋಗಿರುತ್ತಿತ್ತು. ಇಲ್ಲಿ ಶನಿವಾರ ಬೆಳಿಗ್ಗೆ ಹತ್ತು ಹನ್ನೆರಡು ಗಂಡಸರು ಶೆಡ್ಡಿನ ಮುಂದೆ ಕೈ ಉಜ್ಜುತ್ತ ಅವನು ಬರುವುದನ್ನೇ ಕಾಯುತ್ತ ನಿಂತಿರುತ್ತಿದ್ದರು. ಕೀಲಿ ತಿರುಗಿಸುವಾಗ ಬೆನ್ನ ಹಿಂದೆ ಅವರ ಉಸಿರು ಕೇಳುತ್ತಿತ್ತು. ಅಷ್ಟು ಸಾಕಾಗಿತ್ತು ಅವನಿಗೆ. ನಿಜವಾಗಿಯೂ ಸಾಕಾಗಿತ್ತು.

ರಾಹಿಲ್ ಬಂದಿದ್ದು ಎರಡು ಸಾವಿರದ ಹನ್ನೊಂದರ ಆಗಸ್ಟಿನಲ್ಲಿ, ನಾರ್‌ಶೋಪಿಂಗ್ ಕ್ಯಾಂಪಸ್ಸಿನಲ್ಲಿ ಎಂಎಸ್ ಓದಲಿಕ್ಕೆ. ಇಪ್ಪತ್ಮೂರು ವಯಸ್ಸು, ಉದ್ದ ಕೈಗಳು, ಮಾತು ಕಡಿಮೆ. ಹಾಲಿನ ಸೋಫಾದ ಮೇಲೆ ಮಲಗುತ್ತಿದ್ದ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಹೊದಿಕೆ ಮಡಿಸಿ, ರಾತ್ರಿ ಅಲ್ಲಿ ಯಾರೂ ಮಲಗಿರಲಿಲ್ಲ ಎನ್ನುವಂತೆ ಮಾಡಿಬಿಡುತ್ತಿದ್ದ. ಅಕ್ಕ ತಮ್ಮ ಇಬ್ಬರ ತಂದೆ ಹರಿಹರದ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟರಾಗಿದ್ದವರು. ಆ ಮನೆಯಲ್ಲಿ ಜಗಳವೂ ಕನ್ನಡದಲ್ಲೇ ಆಗುತ್ತಿತ್ತಂತೆ. ರಾಹಿಲ್ ಎಡಚ. ಚಿಕ್ಕವನಿದ್ದಾಗ ಊಟಕ್ಕೆ ಕೂತರೆ ಅಮ್ಮಿ ಅವನ ಎಡಗೈಯನ್ನು ತನ್ನ ದುಪಟ್ಟಾದ ಅಂಚಿಗೆ ಕಟ್ಟಿಕೊಳ್ಳುತ್ತಿದ್ದಳೆಂದು ಶಮೀಮ್ ಹೇಳಿ ನಗುತ್ತಿದ್ದಳು. ಒಂದು ಶನಿವಾರ ಗಫೂರನೇ ಅವನನ್ನು ಮೈದಾನಕ್ಕೆ ಕರೆದುಕೊಂಡು ಹೋದ, ಸಾಮಾನು ಹೊರಲು ಒಂದು ಕೈ ಇರಲಿ ಎಂದು. ಪಿಚರ್ ಅಂದರೆ ನಮ್ಮ ಬೌಲರ್ ಇದ್ದಂತೆ, ಚೆಂಡು ಮಾತ್ರ ನೆಲ ಮುಟ್ಟಬಾರದು ಎಂದು ಆಟವನ್ನೂ ಅವನೇ ವಿವರಿಸಿದ. ರಾಹಿಲ್ ಹೌದು ದುಲ್ಹಾಭಾಯಿ, ಹೌದು ದುಲ್ಹಾಭಾಯಿ ಎಂದು ಕೇಳಿಸಿಕೊಂಡು, ಚೆಂಡನ್ನು ಎಡಗೈಯಲ್ಲಿ ಎರಡು ಸಲ ತಿರುಗಿಸಿ ನೋಡಿ ಎಸೆದ. ಹಿಡಿಯಲು ಕೂತಿದ್ದ ಕ್ಯೂಬಾದವನು ಗ್ಲೌ ಬಿಚ್ಚಿ, ಕೈ ಕೊಡವುತ್ತ, ಇನ್ನೊಂದು ಎಸಿ ಎಂದು ಸನ್ನೆ ಮಾಡಿದ. ಐದನೆಯ ಚೆಂಡಿನ ಹೊತ್ತಿಗೆ ಎಲ್ಲರೂ ತಮ್ಮ ತಮ್ಮ ಜಾಗ ಬಿಟ್ಟು ಹತ್ತಿರ ಬಂದು ನಿಂತಿದ್ದರು. ಬಲಮೂಲೆಯಿಂದ ಗಫೂರನೂ ಬಂದು ನಿಂತ. ಅವನಿಗೆ ಹೆಮ್ಮೆಯಾಗಿದ್ದು ಸುಳ್ಳಲ್ಲ. ಎರಡು ಮೂರು ವಾರ ಇತ್ತು ಆ ಹೆಮ್ಮೆ.

ಆಮೇಲೆ ಏನಾಯಿತೆಂದು ಹೇಳಲು ಹೊರಟರೆ ಏನೂ ಆಗಲಿಲ್ಲ. ಅಂಗಡಿಯಲ್ಲಿ ಹಾಲು ಆರಿಸುತ್ತಿದ್ದಾಗ ಪರಿಚಯವಿಲ್ಲದ ಒಬ್ಬ ಮನುಷ್ಯ, "ನೀನು ರಾಹಿಲನ ಭಾವ ಅಲ್ಲವೇ?" ಎಂದು ಸ್ವೀಡಿಷ್‌ನಲ್ಲಿ ಕೇಳಿ ಕೈ ಕುಲುಕಿದ. ನಾಲ್ಕು ವರ್ಷದಿಂದ ಅದೇ ಬೀದಿಯಲ್ಲಿ ಓಡಾಡುತ್ತಿದ್ದರೂ ಅವನ ಕೈ ಯಾರೂ ಕುಲುಕಿರಲಿಲ್ಲ. ಶನಿವಾರ ಶೆಡ್ಡಿನ ಮುಂದೆ ನಿಂತ ಜನ ಈಗ ಅವನ ಹೆಗಲ ಮೇಲಿಂದ, ಹಿಂದೆ ಬರುವವನನ್ನು ನೋಡುತ್ತಿದ್ದರು. ಸಂಜೆ ಮನೆಗೆ ಬಂದು ಬಾಗಿಲು ತೆರೆದರೆ ಅಡಿಗೆಮನೆಯಲ್ಲಿ ಅಕ್ಕ ತಮ್ಮ ನಗುತ್ತಿರುವುದು ಕೇಳುತ್ತಿತ್ತು. ಶಮೀಮ್ ಹಾಗೆ ಹೊಟ್ಟೆ ಹಿಡಿದುಕೊಂಡು ನಗಬಲ್ಲಳೆಂದು ಮದುವೆಯಾಗಿ ಎಂಟು ವರ್ಷವಾದರೂ ಅವನಿಗೆ ಗೊತ್ತಿರಲಿಲ್ಲ. ಅವನು ಶೂ ಬಿಚ್ಚುವಷ್ಟರಲ್ಲಿ ನಗು ನಿಂತಿರುತ್ತಿತ್ತು. ರಾಹಿಲ್ ಎದ್ದು ನಿಂತು, "ಬನ್ನಿ ದುಲ್ಹಾಭಾಯಿ, ಕೂತ್ಕೊಳ್ಳಿ," ಎಂದು ತನ್ನ ಕುರ್ಚಿ ಬಿಡುತ್ತಿದ್ದ. ಅದು ಮರ್ಯಾದೆ. ಮರ್ಯಾದೆಯ ಬಗ್ಗೆ ಯಾರಿಗೆ ದೂರು ಕೊಡುವುದು? ಒಂದು ದಿನ, "ಏನದು ಜೋಕು, ನನಗೂ ಹೇಳಿ," ಎಂದ. ಅವರಿಬ್ಬರೂ ಮುಖ ಮುಖ ನೋಡಿಕೊಂಡು, ಏನಿಲ್ಲ, ಊರಿನದು, ಹಳೇದು ಎಂದರು. ಆ ಕುರ್ಚಿ ಬೆಚ್ಚಗಿತ್ತು. ಅದರಲ್ಲಿ ಕೂತು ಅವನು ಚಹಾ ಕುಡಿದ.

ಮರುವರ್ಷ ಮೇ ತಿಂಗಳಿನಲ್ಲಿ ಕ್ಲಬ್ಬಿನವರು ಮನೆಮಂದಿಯನ್ನೆಲ್ಲ ಕರೆದು ಒಂದು ಆಟ ಇಟ್ಟುಕೊಂಡಿದ್ದರು. ಹೆಂಡತಿಯರು, ಮಕ್ಕಳು, ಹುಲ್ಲಿನ ಮೇಲೆ ಹಾಸಿದ ಚಾದರಗಳು. ಏಳು ವರ್ಷದ ನಿಲೋಫರ್ ಬೇಲಿ ಹತ್ತಿ ಕೂತು ಕಿರುಚುತ್ತಿದ್ದಳು. ಗಫೂರ್ ಬ್ಯಾಟ್ ಹಿಡಿದು ನಿಂತ. ಆ ವರ್ಷ ಒಂದು ಸಲವೂ ಅವನ ಬ್ಯಾಟಿಗೆ ಚೆಂಡು ಸರಿಯಾಗಿ ತಾಕಿರಲಿಲ್ಲ. ರಾಹಿಲ್ ಎಸೆದ. ಚೆಂಡು ಬ್ಯಾಟಿನ ನಟ್ಟನಡುವೆ ಬಡಿದು, ಅಂಗೈಯಿಂದ ಮೊಣಕೈವರೆಗೆ ಒಂದು ಸಿಹಿಯಾದ ನಡುಕ ಹರಿದು, ಬೇಲಿಯಾಚೆ ಬರ್ಚ್ ಮರಗಳ ಮೇಲೆ ಹೋಯಿತು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಶಮೀಮ್ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು, ಈ ಸಲ ಅವನಿಗಾಗಿ. ನಾಲ್ಕು ಮೂಲೆಗಳ ಸುತ್ತು ಓಡುತ್ತ ಓಡುತ್ತ, ಮೂರನೆಯ ಮೂಲೆ ತಿರುಗುವಾಗ ಅವನಿಗೆ ತಾನು ಕಂಡದ್ದು ನೆನಪಾಯಿತು. ಎಸೆಯುವ ಮುಂಚೆ ರಾಹಿಲನ ಬೆರಳುಗಳು ಎಂದಿನಂತೆ ಚೆಂಡಿನ ಹೊಲಿಗೆಯ ಮೇಲೆ ಇರಲಿಲ್ಲ. ಚೆಂಡು ಅಂಗೈಯೊಳಗೆ ಆಳವಾಗಿ, ಲಡ್ಡು ಹಿಡಿದ ಹಾಗೆ ಕೂತಿತ್ತು. ಮಕ್ಕಳಿಗೆ ಎಸೆಯುವಾಗ ಅವನು ಹಿಡಿಯುತ್ತಿದ್ದದ್ದು ಹಾಗೆ. ಗಫೂರ್ ಓಡುವುದನ್ನು ನಿಲ್ಲಿಸಲಾಗಲಿಲ್ಲ. ನಿಲ್ಲಿಸಿದ್ದರೆ ಎಲ್ಲರಿಗೂ ತಿಳಿಯುತ್ತಿತ್ತು. ನಗುಮುಖ ಹೊತ್ತುಕೊಂಡೇ ಪೂರ್ತಿ ಸುತ್ತು ಮುಗಿಸಿದ. ರಾಹಿಲ್ ಎದುರು ಬಂದು ಅವನ ಬೆನ್ನು ತಟ್ಟಿದ, ಮೆತ್ತಗೆ. ಅವತ್ತು ಮನೆಗೆ ನಡೆಯುತ್ತ ಬರುವಾಗ ಶಮೀಮ್, "ಪರವಾಗಿಲ್ವೇ ನೀವು!" ಅಂದಳು. ಪಾಪ, ಮನಸ್ಸಿನಿಂದಲೇ ಅಂದಳು.

ಎರಡು ವಾರ ಕಳೆದು ಗೋಥೆನ್‌ಬರ್ಗಿನಲ್ಲಿ ಆಟವಿತ್ತು. ಆಟದ ನಡುವಿನ ಫೀಕಾಕ್ಕೆ, ಅಂದರೆ ಕಾಫಿಯ ಬಿಡುವಿಗೆ, ಅಲ್ಲಿಯ ಕೋಚ್ ಲೆನ್ನಾರ್ಟ್ ಕಾಗದದ ಲೋಟದಲ್ಲಿ ಕಾಫಿ, ದಾಲ್ಚಿನ್ನಿ ಬನ್ನು ಹಿಡಿದು ಬಂದು ಪಕ್ಕ ಕೂತ. ಎತ್ತರದ, ಕೆಂಪು ಕಿವಿಯ, ನಿಧಾನ ಮಾತಿನ ಮನುಷ್ಯ. ತಮಗೆ ಎಡಗೈ ಪಿಚರ್ ಬೇಕಾಗಿದೆ, ಹುಡುಗನಿಗೆ ಇಲ್ಲೇ ಕಾರಿನ ಕಂಪನಿಯಲ್ಲಿ ಥೀಸಿಸ್ ಕೆಲಸ ಕೊಡಿಸಬಹುದು, ಕೋಣೆಯನ್ನೂ ಹುಡುಕಬಹುದು, ಬದಲಿಗೆ ನಮ್ಮ ಯೋರಾನನನ್ನು ಕೊಡುತ್ತೇವೆ ಎಂದ. ಯೋರಾನ್ ಆ ಕ್ಲಬ್ಬಿನ ಭಾರೀ ಹೊಡೆತಗಾರ, ಕಂಬದಂಥ ತೋಳು. ಗಫೂರ್ ಬನ್ನಿನ ಮೇಲಿನ ಸಕ್ಕರೆ ಹರಳನ್ನು ಹಲ್ಲಿನಲ್ಲಿ ಕಚ್ಚುತ್ತ ಕೇಳಿಸಿಕೊಂಡ. ತಾನು ಏನು ಉತ್ತರ ಕೊಟ್ಟೆನೆಂದು ಅವನಿಗೆ ಆಮೇಲೆ ಸರಿಯಾಗಿ ನೆನಪಿರಲಿಲ್ಲ. ನೆನಪಿರಲಿಲ್ಲ ಎಂದು ಅವನು ಅಂದುಕೊಂಡಿದ್ದ.

ಆ ವಾರದಲ್ಲಿ ಅವನು ಮೂರು ಮಾತು ಆಡಿದ. ಕ್ಲಬ್ಬಿನ ಸಭೆಯಲ್ಲಿ, ಹೋಗಬೇಕೆಂಬುದು ಹುಡುಗನದೇ ಆಸೆ, ತಡೆಯುವುದು ಸರಿಯಲ್ಲ ಎಂದ. ರಾಹಿಲನನ್ನು ಶೆಡ್ಡಿನ ಹಿಂದೆ ಕರೆದು, "ಕ್ಲಬ್ಬಿನವರು ಡಿಸೈಡ್ ಮಾಡ್ಬಿಟ್ಟಿದಾರೆ ಕಣೋ. ನಿನ್ನ ಕೆರಿಯರ್‌ಗೂ ಒಳ್ಳೇದು. ಇನ್ನೊಂದು... ಆಪಾಗೂ ಕಷ್ಟ ಆಗ್ತಿದೆ. ಒಂದೇ ಬೆಡ್‌ರೂಮು, ಮಗು, ಕೆಲಸ. ಅವಳು ಬಾಯಿಬಿಟ್ಟು ಹೇಳಲ್ಲ. ನೀನೂ ಕೇಳಕ್ಕೆ ಹೋಗ್ಬೇಡ, ನೊಂದ್ಕೋತಾಳೆ," ಎಂದ. ರಾಹಿಲ್ ಹುಲ್ಲಿನ ಮೇಲಿದ್ದ ಒಂದು ಚೆಂಡನ್ನು ಕಾಲಿನಿಂದ ಹಿಂದೆ ಮುಂದೆ ಉರುಳಿಸಿ, "ನಂಗೆ ಗೊತ್ತೇ ಆಗ್ಲಿಲ್ಲ ದುಲ್ಹಾಭಾಯಿ. ಸಾರಿ," ಎಂದ. ಮನೆಯಲ್ಲಿ ಶಮೀಮಳಿಗೆ, "ಅವನಿಗೆ ಇಲ್ಲಿ ಇಕ್ಕಟ್ಟಂತೆ. ಅಲ್ಲಿ ಫ್ರೆಂಡ್ಸು, ಲೈಫು. ವಯಸ್ಸು, ಏನ್ಮಾಡೋದು," ಎಂದ. ಒಂದೊಂದೂ ಎಷ್ಟು ಚಿಕ್ಕ ಮಾತು. ದೇಶ ಬಿಟ್ಟು ಬಂದ ಜನರ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಆಡುವಂಥದ್ದು. ರಾಹಿಲ್ ಹೊರಟ ಬೆಳಿಗ್ಗೆ ಶಮೀಮ್ ಅಡಿಗೆಮನೆಯಿಂದ ಹೊರಗೆ ಬರಲಿಲ್ಲ. ಅವನೂ ಒಳಗೆ ಹೋಗಲಿಲ್ಲ. ಬಾಗಿಲಲ್ಲಿ ನಿಂತು, "ಬರ್ತೀನಿ ಆಪಾ," ಎಂದಾಗ ಒಳಗಿನಿಂದ ನಲ್ಲಿಯ ಸದ್ದು ಮಾತ್ರ ಕೇಳಿತು.

ಯೋರಾನ್ ಬಂದ. ಮೊದಲ ಆಟದಲ್ಲೇ ಮೂರು ಸಲ ಚೆಂಡನ್ನು ಬೇಲಿಯಾಚೆ ಹೊಡೆದ. ಗಫೂರನಿಗೆ ಆ ಸಂಜೆಯಷ್ಟು ಹಗುರಾದದ್ದು ನೆನಪಿಲ್ಲ. ಮುಂದಿನ ತಿಂಗಳು ಪ್ರಹ್ಲಾದ ಆಫೀಸಿನ ಕಾಫಿ ಮೆಷಿನ್ನಿನ ಹತ್ತಿರ ಅವನ ತೋಳು ಹಿಡಿದು, "ಲೋ ಗಫೂರ್, ಯೋರಾನನ ಹೆಂಡತಿಗೆ ಇಲ್ಲಿ ಕೆಲಸ ಸಿಕ್ಕು ಮಾರ್ಚಲ್ಲೇ ಮನೆ ಮಾಡಿದ್ರಂತೆ ಕಣೋ! ಅವನು ಹೇಗಿದ್ರೂ ನಮ್ಮ ಕ್ಲಬ್ಬಿಗೇ ಬರ್ತಿದ್ದ. ಅಂದ್ರೆ ನಾವು ರಾಹಿಲನ್ನ ಸುಮ್‌ಸುಮ್ನೆ ಕೊಟ್ವಾ?" ಎಂದು ಗಟ್ಟಿಯಾಗಿ ನಕ್ಕ. ಗಫೂರನೂ ನಕ್ಕ. ಮರುವರ್ಷ ಯೋರಾನನ ಮಂಡಿ ಜಾರಿತು, ಎರಡನೆಯ ಮಗುವಾಯಿತು, ಅವನು ಕ್ಯಾಂಪ್ ಕುರ್ಚಿಯಲ್ಲಿ ಕೂತು ಸಲಹೆ ಕೊಡತೊಡಗಿದ. ಆಮೇಲೆ ಅದಕ್ಕೂ ಬರಲಿಲ್ಲ. ಕ್ಯೂಬಾದವನು ಬೇರೆ ಊರಿಗೆ ಹೋದ. ಪ್ರಹ್ಲಾದ ಕಾರ್ಲ್‌ಸ್ಕ್ರೂನಾಕ್ಕೆ ಹೋದ. ಎರಡು ಸಾವಿರದ ಹದಿನೈದರಲ್ಲಿ ಕ್ಲಬ್ಬು ಮುಚ್ಚಿತು, ಕೊಮ್ಯೂನ್‌ನವರು ಮೈದಾನಕ್ಕೆ ಬೇಲಿ ಹಾಕಿ ನಾಯಿಗಳನ್ನು ಓಡಾಡಲು ಬಿಡುವ ಜಾಗ ಮಾಡಿದರು. ಶೆಡ್ಡಿನ ಕೀಲಿಯನ್ನು ಅವನು ಕೊಮ್ಯೂನ್ ಕೌಂಟರಿನಲ್ಲಿ ಕೊಟ್ಟಾಗ ಅಲ್ಲಿದ್ದ ಹುಡುಗಿ ತಲೆ ಎತ್ತದೆ ಅದನ್ನೊಂದು ಡ್ರಾಯರಿಗೆ ಹಾಕಿದಳು. ಅತ್ತ ಗೋಥೆನ್‌ಬರ್ಗಿನವರು ಗೆದ್ದರು, ಮರುವರ್ಷವೂ ಗೆದ್ದರು, ಪೇಪರಿನಲ್ಲಿ ಎಡಗೈ ಎತ್ತಿದ ರಾಹಿಲನ ಚಿತ್ರ ಬಂತು. ನವೆಂಬರಿನಲ್ಲಿ ಕನ್ನಡದವರೆಲ್ಲ ಸೇರಿದ ಕಡೆ ಪ್ರಹ್ಲಾದ ಅವನನ್ನು ಹೊಸಬರಿಗೆ ಪರಿಚಯಿಸುತ್ತಿದ್ದ: "ಇವರು ಗಫೂರ್. ರಾಹಿಲನ್ನ ಕೊಟ್ಟವರು ಇವರೇ!" ಬಿಸಿಬೇಳೆಬಾತಿನ ತಟ್ಟೆ ಹಿಡಿದ ಜನ ನಗುತ್ತಿದ್ದರು.

ರಾಹಿಲ್ ಈದ್‌ಗೆ ಬರುತ್ತಿರಲಿಲ್ಲ. ಮೊದಲ ವರ್ಷ ಆಟ ಇದೆಯೆಂದ, ಎರಡನೆಯ ವರ್ಷ ಕೆಲಸವಿದೆಯೆಂದ. ಶಮೀಮ್ ಮೂರನೆಯ ವರ್ಷ ಕರೆಯುವುದನ್ನು ಬಿಟ್ಟಳು. ಎರಡು ವರ್ಷದ ಹಿಂದೆ ಹರಿಹರದಲ್ಲಿ ಅಮ್ಮಿ ಆಸ್ಪತ್ರೆ ಸೇರಿದಾಗ ಅಕ್ಕ, ತೀರಿಕೊಂಡ ಮೇಲೆ ತಮ್ಮ, ಬೇರೆ ಬೇರೆ ವಿಮಾನದಲ್ಲಿ ಹೋಗಿ ಬೇರೆ ಬೇರೆ ವಾರ ವಾಪಸು ಬಂದರು.

"ಅಬ್ಬಾ, vi ska av här," ಎಂದಳು ನಿಲೋಫರ್, ಅಪ್ಪನ ತೋಳು ತಟ್ಟಿ. ಇಲ್ಲಿ ಇಳಿಯಬೇಕು. ಟ್ರಾಮು ನಿಂತಿತ್ತು, ಬಾಗಿಲು ತೆರೆದು ಎಷ್ಟು ಹೊತ್ತಾಗಿತ್ತೋ.

ಆ ವರ್ಷದ ಬೇಸಿಗೆ ಹುಲ್ಲನ್ನೆಲ್ಲ ಸುಟ್ಟುಹಾಕಿತ್ತು. ಮೈದಾನ ದಾವಣಗೆರೆ ಕಡೆಯ ಏಪ್ರಿಲ್ಲಿನ ಬಯಲಿನಂತೆ ಹಳದಿಯಾಗಿತ್ತು. ಗೇಟಿನಲ್ಲಿ ರಾಹಿಲ್ ಕಾಯುತ್ತಿದ್ದ. ಮೂವತ್ತಾಗಿ ಗಡ್ಡ ಬಿಟ್ಟಿದ್ದ. ಎಡಭುಜ ಬಲಭುಜಕ್ಕಿಂತ ಒಂದಿಷ್ಟು ಕೆಳಗೆ ಜೋತಿತ್ತು. ಶಮೀಮ್ ಡಬ್ಬಿಯನ್ನು ಅವನ ಕೈಗಿಟ್ಟು, "ಸ್ವಲ್ಪ ತಣ್ಣಗಾಗಿವೆ," ಅಂದಳು. "ಪರವಾಗಿಲ್ಲ ಆಪಾ," ಎಂದ. ಹತ್ತು ನಿಮಿಷದಲ್ಲಿ ತಂಡದ ಹುಡುಗರು ಡಬ್ಬಿ ಖಾಲಿ ಮಾಡಿ, ಬೆರಳು ನೆಕ್ಕುತ್ತ ಶಮೀಮಳಿಗೆ ಥ್ಯಾಂಕ್ಸ್ ಹೇಳಿ ಹೋದರು. ಶಮೀಮ್ ಡಾಗಿಸ್‌ನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಅವಳ ಸ್ವೀಡಿಷ್ ಸಲೀಸಾಗಿ ಹರಿಯುತ್ತಿತ್ತು. ಗಫೂರನನ್ನು ಕಂಡ ಒಬ್ಬ ಮುದುಕ ಪಕ್ಕದವನಿಗೆ ಮೊಣಕೈಯಿಂದ ತಿವಿದು ಏನೋ ಹೇಳಿದ. ಇಬ್ಬರೂ ಇವನ ಕಡೆ ನೋಡಿ ಸ್ನೇಹದಿಂದ ಟೋಪಿ ಎತ್ತಿದರು. ಗಫೂರ್ ಕೈ ಬೀಸಿದ. ಬೆಂಚಿನ ಮೇಲೆ ಕೂತಾಗ ಮರ ಬಿಸಿಯಾಗಿತ್ತು. ರಾಹಿಲ್ ಕೊನೆಗೆ ಒಬ್ಬನೇ ಒಬ್ಬ ಬ್ಯಾಟುಗಾರನಿಗೆ ಎಸೆಯಲು ಬಂದ. ನಾಲ್ಕು ಚೆಂಡು. ಪ್ರತಿ ಚೆಂಡಿಗೂ ಮುಖ ಕಿವುಚುವುದು ಇಲ್ಲಿಂದಲೇ ಕಾಣುತ್ತಿತ್ತು. ನಾಲ್ಕನೆಯದಕ್ಕೆ ಎದುರಿನವನು ಬರೀ ಗಾಳಿಗೆ ಬ್ಯಾಟು ಬೀಸಿ ಔಟಾದ. ಜನ ಎದ್ದು ನಿಂತರು. ಗಫೂರನೂ ನಿಂತ. ಆರು ವರ್ಷದಲ್ಲಿ ಆ ಹುಡುಗನನ್ನು ನೆಟ್ಟಗೆ ನೋಡಿದ್ದು ಅದೇ ಮೊದಲು ಅನ್ನಿಸಿತು. ಚೆನ್ನಾಗಿತ್ತು ಆ ಎಸೆತ. ಏನೋ ಒಂದು ಮುರಿದುಹೋಗುತ್ತಿರುವಾಗಲೂ ಚೆನ್ನಾಗಿತ್ತು.

ಆಟ ಮುಗಿದ ಮೇಲೆ ಲೆನ್ನಾರ್ಟ್ ಮೈಕು ಹಿಡಿದು ನಡುವೆ ನಿಂತ. ರಾಹಿಲನ ಆಟದ ಅಂಗಿಗೆ ಗಾಜಿನ ಕಟ್ಟು ಹಾಕಿಸಿದ್ದರು, ಅದನ್ನು ಕೊಟ್ಟ. ಆಮೇಲೆ ಬೆಂಚಿನ ಕಡೆ ಕೈ ಮಾಡಿ, ಇವತ್ತು ನಮ್ಮ ನಡುವೆ ಒಬ್ಬ ವಿಶೇಷ ಅತಿಥಿ ಇದ್ದಾರೆ ಎಂದ. ಗಫೂರನ ಕಾಲು ತಾನಾಗಿ ಎದ್ದು ನಡೆಯಿತು. ಒಣಹುಲ್ಲು ಶೂ ಕೆಳಗೆ ಮುರಿಯುವ ಸದ್ದು ಅವನಿಗೆ ಮೈಕಿನ ಸದ್ದಿಗಿಂತ ಜೋರಾಗಿ ಕೇಳುತ್ತಿತ್ತು. ಲೆನ್ನಾರ್ಟ್ ಅವನ ಹೆಗಲ ಮೇಲೆ ಕೈ ಹಾಕಿ, ನಿಧಾನವಾಗಿ, ಇವನಿಗೂ ಅರ್ಥವಾಗಲಿ ಎಂಬಂತೆ ಬಿಡಿಸಿ ಬಿಡಿಸಿ ಹೇಳಿದ: "ಅವತ್ತು ನಾನು ಚೌಕಾಸಿಗೆ ತಯಾರಾಗಿ ಹೋಗಿದ್ದೆ. ಯೋರಾನ್ ಜೊತೆ ಇನ್ನೊಬ್ಬ ಆಟಗಾರನನ್ನೂ ಕೊಡೋಣ ಅಂದುಕೊಂಡಿದ್ದೆ. ಚೆಂಡೆಸೆಯುವ ಮೆಷಿನ್ನನ್ನೂ ಕೇಳಿದರೆ ಕೊಡೋದು ಅಂತಿತ್ತು. ಈ ಮನುಷ್ಯ ಏನೂ ಕೇಳಲಿಲ್ಲ. ಒಂದೇ ಒಂದು ಮಾತು ಹೇಳಿದ. ಮೂರು ವಾರದಲ್ಲಿ ಮಿಡ್‌ಸಮ್ಮರ್ ಹಬ್ಬ, ಅದಕ್ಕೆ ಮುಂಚೆ ಕರೆದುಕೊಂಡು ಹೋಗ್ತೀರಾ, ಅಂದ!"

ಜನ ಗೊಳ್ಳೆಂದು ನಕ್ಕರು. ಹಳೆಯ, ಎಲ್ಲರಿಗೂ ಬಾಯಿಪಾಠವಾದ ಜೋಕಿಗೆ ನಗುವ ಹಾಗೆ ನಕ್ಕರು. ಗಫೂರನಿಗೆ ಬನ್ನಿನ ಸಕ್ಕರೆ ಹರಳು ಹಲ್ಲಿನ ನಡುವೆ ಒಡೆದ ಸದ್ದು ನೆನಪಿಗೆ ಬಂತು, ಅದರ ಹಿಂದೆಯೇ ತನ್ನ ಧ್ವನಿ, ತನ್ನ ಹರಕು ಸ್ವೀಡಿಷ್ ಬಂತು. ಹೌದು, ಹಾಗೇ ಅಂದಿದ್ದ. ಪಕ್ಕದಲ್ಲಿ ರಾಹಿಲ್ ನಗುತ್ತಿರಲಿಲ್ಲ. ಬೆಂಚಿನ ಮೇಲೆ ಶಮೀಮ್ ಕಣ್ಣಿಗೆ ಕೈ ಅಡ್ಡ ಹಿಡಿದು, ಬಿಸಿಲಿನಾಚೆ ಏನೋ ಓದಲು ಯತ್ನಿಸುವವಳಂತೆ ಇತ್ತ ನೋಡುತ್ತಿದ್ದಳು. ಲೆನ್ನಾರ್ಟ್ ಮೈಕನ್ನು ಅವನ ಕೈಗೆ ಕೊಟ್ಟ. "ಟಾಕ್," ಎಂದ ಗಫೂರ್. ಥ್ಯಾಂಕ್ಸ್. ಆಮೇಲಿನ ವಾಕ್ಯ ಬರಲಿಲ್ಲ. ಅರವತ್ತು ಎಪ್ಪತ್ತು ಮುಖಗಳು ಸೌಜನ್ಯದಿಂದ ಕಾದವು. ರಾಹಿಲ್ ಕೆಳದನಿಯಲ್ಲಿ, "ಕನ್ನಡದಲ್ಲೇ ಹೇಳಿ ದುಲ್ಹಾಭಾಯಿ. ನಾನು ಹೇಳ್ತೀನಿ ಅವರಿಗೆ," ಎಂದ.

"ರಾಹಿಲ್ ಹೋಗ್ತೀನಿ ಅಂದಿರ್ಲಿಲ್ಲ," ಎಂದ ಗಫೂರ್. ತನ್ನ ಕನ್ನಡ ಸ್ಪೀಕರಿನಿಂದ ಹೊರಟು ಮೈದಾನದ ಆಚೆ ತುದಿಗೆ ಬಡಿದು ವಾಪಸು ಬಂದಾಗ ಅವನಿಗೇ ಭಯವಾಯಿತು. ನಿಲ್ಲಿಸಲಾಗಲಿಲ್ಲ. "ನಾನೇ ಕಳಿಸಿದ್ದು. ಶಮೀಮ್‌ಗೆ ನಿನ್ನಿಂದ ಕಷ್ಟ ಆಗ್ತಿದೆ ಅಂತ ಹೇಳಿದ್ನಲ್ಲ, ಅದು ಸುಳ್ಳು. ಅವಳು ಯಾವತ್ತೂ ಹಾಗೆ ಅಂದಿಲ್ಲ. ಅವಳಿಗೂ ಸುಳ್ಳು ಹೇಳಿದೆ. ಯೋರಾನ್‌ಗೋಸ್ಕರ ಅಲ್ಲ. ಯಾರೂ ಬರದೇ ಇದ್ರೂ ಕಳಿಸ್ತಿದ್ದೆ. ನೀನು ನಮ್ಮನೇಲಿ ಇರೋದು ನನಗೆ ಆಗ್ತಿರ್ಲಿಲ್ಲ." ಹೇಳುತ್ತಿರುವಾಗಲೇ ಅವನೊಳಗೆ ಒಂದು ಬಗೆಯ ಸುಖ ಹರಡಿತು, ಬೆವರಿದ ಮೈಗೆ ಗಾಳಿ ತಾಕಿದ ಹಾಗೆ. ಎದುರಿನ ಮುಖಗಳು ಏನೂ ಅರ್ಥವಾಗದೆ ಮೆಚ್ಚುಗೆಯಿಂದ ತಲೆದೂಗುತ್ತಿದ್ದವು. ತಾನು ಎಂಥ ಧೈರ್ಯದ ಕೆಲಸ ಮಾಡುತ್ತಿದ್ದೇನೆಂದು ಅವನಿಗೆ ಅನ್ನಿಸಿತು.

ರಾಹಿಲ್ ಮೈಕು ತೆಗೆದುಕೊಂಡ. ಎಡಗೈ ಬೆರಳುಗಳು ಮೈಕಿನ ಕೆಳಗೆ ತೆರೆದು ಮುಚ್ಚುತ್ತಿದ್ದವು. ಆಮೇಲೆ ಸ್ಪಷ್ಟವಾದ, ಯಾವ ತೊಡಕೂ ಇಲ್ಲದ ಸ್ವೀಡಿಷ್‌ನಲ್ಲಿ ಹೇಳಿದ. ಗಫೂರನಿಗೆ ಅಷ್ಟು ತಿಳಿಯುತ್ತಿತ್ತು. "ನನ್ನ ಭಾವ ಹೇಳ್ತಿದ್ದಾರೆ, ನನ್ನನ್ನು ಕಳಿಸೋದು ಅವರಿಗೆ ಸುಲಭ ಆಗಿರಲಿಲ್ಲವಂತೆ. ಇಲ್ಲಿ ನನಗೆ ಇಷ್ಟು ಒಳ್ಳೆಯ ಜನ ಸಿಕ್ಕಿದ್ದು ಅವರಿಗೆ ಸಂತೋಷವಂತೆ." ಚಪ್ಪಾಳೆ ಬಿತ್ತು. ಲೆನ್ನಾರ್ಟ್ ಗಫೂರನನ್ನು ಅಪ್ಪಿಕೊಂಡ. ಅವನ ಕೆಂಪು ಕಿವಿ ಗಫೂರನ ಕೆನ್ನೆಗೆ ಬಿಸಿಯಾಗಿ ತಾಕಿತು. ರಾಹಿಲ್ ಮೈಕನ್ನು ವಾಪಸು ಕೊಟ್ಟು, ಗಫೂರನ ಕಡೆ ನೋಡದೆ, ಬೆಂಚಿನ ಕಡೆ ನಡೆದ. ನಿಲೋಫರ್ ಹೆಡ್‌ಫೋನ್ ಕುತ್ತಿಗೆಗೆ ಇಳಿಸಿಕೊಂಡು ಎದುರು ಬಂದಳು. "Men det sa han inte," ಎಂದಳು ಮಾಮನಿಗೆ. ಅವರು ಹೇಳಿದ್ದು ಅದಲ್ಲವಲ್ಲ. ರಾಹಿಲ್ ಅವಳ ತಲೆಯ ಮೇಲೆ ಕೈಯಿಟ್ಟು ಏನೋ ಹೇಳಿ, ಮೈದಾನದಾಚೆ ಉಳಿದ ಚೆಂಡುಗಳನ್ನು ಆರಿಸಲು ಕರೆದುಕೊಂಡು ಹೋದ.

ಗಫೂರ್ ಯಾರಿಗೂ ಹೇಳದೆ ಗೇಟು ದಾಟಿ ಟ್ರಾಮ್ ಸ್ಟಾಪಿಗೆ ಬಂದ. ಅಲ್ಲಿ ಯಾರೂ ಇರಲಿಲ್ಲ. ಮುಂದಿನ ಟ್ರಾಮಿಗೆ ಏಳು ನಿಮಿಷ ಎಂದು ಬೋರ್ಡು ತೋರಿಸುತ್ತಿತ್ತು. ಬೋರ್ಡಿನ ಏಳು ಆರಕ್ಕೆ ಇಳಿಯುವಷ್ಟರಲ್ಲಿ ಶಮೀಮ್ ಬಂದಳು. ಓಡಿ ಬಂದವಳಲ್ಲ, ಅಂಗಡಿಗೆ ಹೊರಟವಳಂತೆ ನಡೆದು ಬಂದಳು. ಬೆಂಚಿನ ಇನ್ನೊಂದು ತುದಿಯಲ್ಲಿ ನಿಂತಳು. ಅವನು ಬೈಗುಳಕ್ಕೆ ಕಾದ. ಬೈದರೆ ಅಳಬಹುದು ಎಂದುಕೊಂಡಿದ್ದ.

"ಅಮ್ಮಿಗೆ ನಾನು ಏನೇನು ಹೇಳ್ತಿದ್ದೆ ಗೊತ್ತಾ ನಿಮಗೆ?" ಅಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಪ್ರತಿ ಶುಕ್ರವಾರ ಫೋನಲ್ಲಿ. ಅವನು ಸ್ವೀಡನ್‌ನೋನೇ ಆಗ್ಬಿಟ್ಟ, ನಮ್ಮನ್ನೆಲ್ಲ ಮರ್ತ, ಈದ್‌ಗೂ ಬರಲ್ಲ, ಅವನ ಆಸೆ ಬಿಟ್ಬಿಡು ಅಂತ. ಮೊದಮೊದಲು ಅಮ್ಮಿ ನಂಬ್ತಿರ್ಲಿಲ್ಲ. ನಾನೇ ನಂಬಿಸಿದೆ. ಕೊನೇ ದಿನ ಆಸ್ಪತ್ರೆಯಿಂದ ಅವನಿಗೆ ಫೋನ್ ಹಚ್ಚಿಕೊಟ್ರೆ ಎರಡು ಮಾತಾಡಿ ನನ್ನ ಕೈಗೆ ವಾಪಸ್ ಕೊಟ್ಲು. ಅವನು ಇನ್ನೂ ಆ ಕಡೆ ಮಾತಾಡ್ತಾನೇ ಇದ್ದ. ಅಮ್ಮಿ ಗೋಡೆ ಕಡೆ ತಿರುಗಿದ್ಲು."

ಗಫೂರ್ ಬೋರ್ಡಿನ ಕಡೆ ನೋಡಿದ.

"ನಾನು ಫೋನಲ್ಲಿ ಹಾಗೆಲ್ಲ ಹೇಳ್ತಿದ್ದಾಗ ನೀವು ಎಲ್ಲಿರ್ತಿದ್ರಿ?"

ಅದೇ ಹಾಲಿನಲ್ಲಿ ಇರುತ್ತಿದ್ದ. ರಾಹಿಲ್ ಮಲಗುತ್ತಿದ್ದ ಅದೇ ಸೋಫಾದ ಮೇಲೆ, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು. ಶಮೀಮ್ ಮಾತಾಡುತ್ತ ಮಾತಾಡುತ್ತ ಬಿಕ್ಕಿದ ದಿನ ಎದ್ದು ಹೋಗಿ ಅವಳಿಗೆ ನೀರು ತಂದುಕೊಟ್ಟಿದ್ದ. ಆ ಲೋಟ ಅವನಿಗೆ ಈಗ ಬಣ್ಣಸಮೇತ ಕಣ್ಣ ಮುಂದೆ ಬಂತು. "ನಾನು ಎಲ್ಲರ ಮುಂದೆ ಒಪ್ಕೊಂಡ್ನಲ್ಲ ಶಮೀಮ್," ಎಂದ.

"ಎಲ್ಲರ ಮುಂದೆ?" ಅಂದಳು ಅವಳು. "ಅಲ್ಲಿ ಕನ್ನಡ ಬರೋರು ಎಷ್ಟು ಜನ ಇದ್ರು?"

ಹಳಿಗಳು ಸಣ್ಣಗೆ ಗುಂಯ್‌ಗುಡತೊಡಗಿದವು. ತಿರುವಿನಲ್ಲಿ ಟ್ರಾಮು ಕಾಣಿಸಿತು. ತಮ್ಮ ಬ್ಯಾಗು, ನಿಲೋಫರಳ ಜಾಕೆಟ್ಟು, ಸಂಜೆಯ ರೈಲು ಎಂದು ಅವನ ಮನಸ್ಸು ಎಂದಿನಂತೆ ಪಟ್ಟಿ ಮಾಡುತ್ತಿತ್ತು. ಟ್ರಾಮು ಬಂದು ನಿಂತು ಬಾಗಿಲು ತೆರೆಯಿತು.

"ನೀನು ಹೋಗು," ಅಂದಳು ಶಮೀಮ್.

ಆ 'ನೀನು' ಮಗಳಿಗೆ ಹೇಳಿದ್ದು ಎಂದುಕೊಂಡು ಗಫೂರ್ ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತ. ನಿಲೋಫರ್ ಹತ್ತಲಿ ಎಂದು ಕಾದ. ಆಮೇಲೆ ಹಿಂದೆ ತಿರುಗಿ ನೋಡಿದ. ಸ್ಟಾಪಿನಲ್ಲಿ ಅವರಿಬ್ಬರನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ.